ಜವಳಾ ಸಿಗಡಿ: ಕಡಲಿನ ದುಡಿಯುವ ಬಂಡವಾಳ

ಒಣಮೀನಿನ ಪೇಟೆಯಲ್ಲಿ ಅಗ್ಗದ ಸರಕೆಂದು ಪರಿಗಣಿತವಾದ ಒಂದು ಕಿರು ಸಿಗಡಿಯು ಕಡಲಿನ ಲೆಕ್ಕಪತ್ರದಲ್ಲಿ ಮಾತ್ರ ಬಹು ದೊಡ್ಡ ಬಾಬ್ತು. ಮಹಾರಾಷ್ಟ್ರದ ಕೋಳಿ ಮೀನುಗಾರರು ಇದನ್ನು ‘ಜವಳಾ’ ಎನ್ನುತ್ತಾರೆ. ಇದರ ಶಾಸ್ತ್ರೀಯ ನಾಮ ಅಸೀಟಿಸ್ ಇಂಡಿಕಸ್. ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಹೆನ್ರಿ ಮಿಲ್ನ್ ಎಡ್ವರ್ಡ್ಸ್ 1830ರಲ್ಲಿ ಇದನ್ನು ಮೊದಲಿಗೆ ವರ್ಣಿಸಿದರು. ಇದರ ಉದ್ದ ಸಾಮಾನ್ಯವಾಗಿ 2ರಿಂದ 4 ಸೆಂಟಿಮೀಟರ್. ಆಯುಸ್ಸು ಒಂದು ವರ್ಷವನ್ನೂ ಮುಟ್ಟದು.

ಆಹಾರ ಸರಪಳಿಯಲ್ಲಿ ಸ್ಥಾನ

ತೀರದ ಸಮೀಪದ ನೀರಿನಲ್ಲಿ ಹಿಂಡುಹಿಂಡಾಗಿ ವಾಸಿಸುವ ಜವಳಾ, ಸೂಕ್ಷ್ಮ ಜೀವಿಗಳನ್ನೂ ಕೊಳೆತ ಜೈವಿಕ ಕಣಗಳನ್ನೂ ತಿಂದು ಬೆಳೆಯುತ್ತದೆ. ಬೊಂಬಿಲ್ ಹಾಗೂ ನಮ್ಮ ಕರಾವಳಿಯವರು ಪಾಂಬೋಲ್ ಎನ್ನುವ ರಿಬ್ಬನ್ ಮೀನಿನಂತಹ ಬೆಲೆಯುಳ್ಳ ಮೀನುಗಳಿಗೆ ಇದೇ ಆಹಾರ. ಕಣ್ಣಿಗೆ ಕಾಣದ ಜೀವಕಣಗಳನ್ನು ಮಾರಾಟಯೋಗ್ಯ ಮೀನಾಗಿ ಪರಿವರ್ತಿಸುವ ಈ ಜೀವಿಯನ್ನು ಕಡಲಿನ ದುಡಿಯುವ ಬಂಡವಾಳವೆಂದರೆ ತಪ್ಪಾಗಲಾರದು.

ಮಹಾರಾಷ್ಟ್ರ ಮತ್ತು ಗುಜರಾತಿನ ತೀರದಲ್ಲಿ ಉಬ್ಬರವಿಳಿತದ ಸೆಳೆತ ಪ್ರಬಲ. ಆ ಸೆಳೆತಕ್ಕೆ ಎದುರಾಗಿ ‘ಡೋಲ್’ ಎಂಬ ಚೀಲದಾಕಾರದ ಬಲೆಯನ್ನು ಕಟ್ಟಿ ಜವಳಾ ಹಿಡಿಯುತ್ತಾರೆ. ಮುಂಬಯಿಯ ವರ್ಸೋವಾ, ಸೌರಾಷ್ಟ್ರದ ಜಾಫರಾಬಾದ್ ಇದಕ್ಕೆ ಹೆಸರಾದ ಕೇಂದ್ರಗಳು. ಬಲೆಯ ತುದಿಯ ಕಣ್ಣು ಬಲು ಚಿಕ್ಕದಾದ್ದರಿಂದ ಇತರ ಮೀನುಗಳ ಮರಿಗಳೂ ಜೊತೆಗೇ ಸಿಲುಕುತ್ತವೆ. ಹೀಗಾಗಿ ಹಿಡಿತ ಮಿತಿಮೀರಿದರೆ ನಷ್ಟ ಎರಡು ಬಗೆ: ದೊಡ್ಡ ಮೀನುಗಳಿಗೆ ಆಹಾರ ಕಡಿಮೆ, ನಾಳೆಯ ಮೀನಿಗೆ ಬಾಳು ಕಡಿಮೆ. ಈ ವೆಚ್ಚ ಯಾರ ಖಾತೆಯಲ್ಲಿಯೂ ದಾಖಲಾಗುವುದಿಲ್ಲ.

ತೂಕವೋ, ಗುಣಮಟ್ಟವೋ?

ಹಾಗೆಂದು ಹಿಡಿಯುವುದೇ ಬೇಡವೆನ್ನಲಾಗದು. ಹಿಡಿಯುವವರ, ಒಣಗಿಸುವ ಮಹಿಳೆಯರ ಜೀವನೋಪಾಯ ಇದರಲ್ಲಿದೆ. ವರ್ತಕರು ಗಮನಿಸಬೇಕಾದದ್ದು ದರ ನಿಗದಿಯ ಕ್ರಮವನ್ನು. ಸ್ಥೂಲವಾಗಿ 100 ಕಿಲೋ ಹಸಿ ಜವಳಾದಲ್ಲಿ 80 ಕಿಲೋ ನೀರೆಂದು ಭಾವಿಸೋಣ. ಶೇ. 20ರಷ್ಟು ತೇವ ಉಳಿಯುವಂತೆ ಚೆನ್ನಾಗಿ ಒಣಗಿಸಿದರೆ ಸಿಗುವುದು 25 ಕಿಲೋ. ಮೂರನೆಯ ಒಂದು ಪಾಲು ತೇವ ಉಳಿಸಿದರೆ 30 ಕಿಲೋ. ಖರೀದಿದಾರನು ಎರಡಕ್ಕೂ ಒಂದೇ ದರ ಕೊಟ್ಟರೆ, ಚೆನ್ನಾಗಿ ಒಣಗಿಸಿದವಳು 5 ಕಿಲೋಗಳ ಹಣ ಕಳೆದುಕೊಳ್ಳುತ್ತಾಳೆ. ಇಬ್ಬರ ಆದಾಯ ಸಮವಾಗಲು ಒಣಗಿದ ಸರಕಿಗೆ ಕನಿಷ್ಠ ಶೇ. 20ರಷ್ಟು ಹೆಚ್ಚಿನ ದರ ಸಲ್ಲಬೇಕು.

ಹಾಗೆ ಸಲ್ಲದಿದ್ದಾಗ ಹಸಿಬಿಸಿ ಸರಕೇ ಮಾರುಕಟ್ಟೆಗೆ ಬರುತ್ತದೆ, ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ, ಕೊನೆಗೆ ಅಡುಗೆಮನೆಯ ಬದಲು ಮೀನುಹಿಟ್ಟಿನ ಕಾರ್ಖಾನೆ ಸೇರುತ್ತದೆ. ಗುಣಮಟ್ಟದಿಂದ ಬಾರದ ಆದಾಯವನ್ನು ಮೀನುಗಾರನು ಪ್ರಮಾಣದಿಂದ ತುಂಬಿಕೊಳ್ಳಲು ಯತ್ನಿಸುತ್ತಾನೆ. ಆ ಹೆಚ್ಚುವರಿ ಪ್ರಮಾಣ ಬರುವುದು ಬೊಂಬಿಲ್ ಮೀನಿನ ಆಹಾರದಿಂದಲೇ.

ವರ್ತಕರಿಗೆ ಸಲಹೆ

ಮರಳಿನ ಮೇಲೆ ಒಣಗಿಸಿದ ಸರಕನ್ನೂ ಬಿದಿರಿನ ಅಟ್ಟಣಿಗೆಯ ಮೇಲೆ ಒಣಗಿಸಿದ ಸರಕನ್ನೂ ಬೇರೆ ಬೇರೆ ದರ್ಜೆಯಾಗಿ ಖರೀದಿಸುವುದು ಉಚಿತ. ತೇವ ಪರೀಕ್ಷಿಸಿ ದರ ನಿರ್ಧರಿಸಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳುಗಳ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಳೆಗಾಲಕ್ಕೆ ಮುನ್ನವೇ ಒಣಗಿದ ದಾಸ್ತಾನು ಮಾಡಿಕೊಳ್ಳುವುದು ಲೇಸು.

ದುಡಿಯುವ ಬಂಡವಾಳವನ್ನು ಲಾಭವೆಂದು ಭಾವಿಸಿ ಖರ್ಚು ಮಾಡಿದ ಸಂಸ್ಥೆ ಹೆಚ್ಚು ಕಾಲ ಬಾಳದೆಂಬುದು ವರ್ತಕ ಬಂಧುಗಳಿಗೆ ತಿಳಿದದ್ದೇ. ಕಡಲಿಗೂ ಇದೇ ನಿಯಮ ಅನ್ವಯಿಸುತ್ತದೆ.