ಸಕ್ಷನ್ ಪೈಪು ಮತ್ತು ದೊಡ್ಡಪ್ಪನ ಹೃದಯ

ನರಗುಂದ ತಾಲ್ಲೂಕಿನ ನಮ್ಮೂರಲ್ಲಿ ಬೆಣ್ಣಿಹಳ್ಳದಿಂದ ಹೊಲಕ್ಕೆ ನೀರೆತ್ತುವಾಗ ಸಕ್ಷನ್ ಪೈಪು ಹಿಡಿಯುವ ಕೆಲಸ ಚಿಕ್ಕಂದಿನಿಂದಲೂ ನನ್ನದೇ. ಆ ಪೈಪಿನ ಮೈತುಂಬ ಸುರುಳಿಯಾಗಿ ಗಟ್ಟಿ ಎಳೆಯೊಂದು ಸುತ್ತಿರುತ್ತದೆ. ಅದು ಯಾಕಿದೆ ಎಂದು ಬಿ.ಇ. ಮೂರನೇ ವರ್ಷಕ್ಕೆ ಬರುವವರೆಗೂ ನಾನು ಕೇಳಿದವನಲ್ಲ.

ಕೇಳುವಂತೆ ಮಾಡಿದ್ದು ಗಜೇಂದ್ರಗಡದ ದೊಡ್ಡಪ್ಪ. ಮಗ್ಗದ ಮುಂದೆಯೇ ಬದುಕು ಕಳೆದವರು. ಕಳೆದ ವರ್ಷ ರೋಣಕ್ಕೆ ಮದುವೆಗೆ ಬಂದವರು ಊಟದ ಪಂಕ್ತಿಯಲ್ಲೇ ಕುಸಿದರು. ತಪಾಸಣೆಯಲ್ಲಿ ಗೊತ್ತಾಯಿತು: ಅವರ ಎಡ ಹೃತ್ಕುಕ್ಷಿ ತನ್ನಲ್ಲಿ ತುಂಬಿದ ರಕ್ತದ ಶೇ 20ರಷ್ಟನ್ನು ಮಾತ್ರ ಹೊರಗೆ ತಳ್ಳುತ್ತಿದೆ. ಆರೋಗ್ಯವಂತರಲ್ಲಿ ಅದು ಅರ್ಧಕ್ಕಿಂತ ಹೆಚ್ಚಿರುತ್ತದೆ. ಎದೆಯೊಳಗೆ ಕೂರಿಸುವ ಪಂಪೊಂದಿದೆ ಎಂದರು ವೈದ್ಯರು. ಬೆಲೆ ಕೇಳಿ ಇಡೀ ಮನೆ ಸುಮ್ಮನಾಯಿತು. ಈಗ ಮಾತ್ರೆಗಳ ಮೇಲಿದ್ದಾರೆ.

ಕಾಲೇಜಿನಲ್ಲಿ ಪ್ರಾಜೆಕ್ಟ್ ವಿಷಯ ಆರಿಸುವಾಗ ಪಂಪಿಗೆ ಕೈ ಹಾಕುವ ಧೈರ್ಯ ನಮ್ಮ ತಂಡಕ್ಕೆ ಬರಲಿಲ್ಲ. ಅದಕ್ಕೆ ಜೋಡಿಸುವ ಕೊಳವೆ ಆರಿಸಿಕೊಂಡೆವು. ಹೃದಯ ಸೋತ ರೋಗಿಯನ್ನು ಕೆಲವು ದಿನ ಉಳಿಸಿಕೊಳ್ಳಲು ತೊಡೆಯ ರಕ್ತನಾಳದ ಮೂಲಕ ತೂರಿಸಿ, ರಕ್ತವನ್ನು ಹೊರಗಿನ ಯಂತ್ರಕ್ಕೆ ಎಳೆಯುವ ಕ್ಯಾನುಲಾ. ಬರೀ ಪೈಪು ತಾನೆ ಅಂದುಕೊಂಡಿದ್ದೆ!

ಮೊದಲ ಪೆಟ್ಟು ಕೊಟ್ಟಿದ್ದು ಪ್ವಾಸೇಯ ಸೂತ್ರ. ಈ ಫ್ರೆಂಚ್ ವೈದ್ಯ ರಕ್ತದ ಹರಿವು ಅರಿಯಲೆಂದೇ ಕೂದಲೆಳೆಯಂಥ ಗಾಜಿನ ನಳಿಕೆಗಳಲ್ಲಿ ನೀರು ಹರಿಸಿ ಅಳೆದವನು. ಒತ್ತಡ ಅಷ್ಟೇ ಇದ್ದು ಕೊಳವೆಯ ಒಳವ್ಯಾಸ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. (ಹರಿವು ಶಾಂತವಾಗಿದ್ದಾಗ ಮಾತ್ರ ಎಂದು ನಮ್ಮ ಸರ್ ಪ್ರತಿ ಸಲ ನೆನಪಿಸುತ್ತಾರೆ.) ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹಾಯಿಸುತ್ತದೆ. ಕೊಳವೆಯನ್ನು ದಪ್ಪ ಮಾಡೋಣವೆಂದರೆ ರಕ್ತನಾಳ ಬಿಡದು. 21 ಫ್ರೆಂಚ್ ಅಳತೆಯ ಕ್ಯಾನುಲಾ ಎಂದರೆ ಹೊರವ್ಯಾಸ ಕೇವಲ 7 ಮಿ.ಮೀ. ಉಳಿದ ದಾರಿ ಗೋಡೆಯನ್ನು ತೆಳುವಾಗಿಸುವುದು. ಆದರೆ ತೆಳು ಗೋಡೆ ಬಾಗಿದಲ್ಲಿ ಮಡಚಿಕೊಳ್ಳುತ್ತದೆ, ಎಳೆತಕ್ಕೆ ಚಪ್ಪಟೆಯಾಗುತ್ತದೆ. ಅದಕ್ಕೇ ಪಾಲಿಯುರೆಥೇನ್ ಗೋಡೆಯೊಳಗೆ ತೆಳ್ಳನೆಯ ತಂತಿ ಸುರುಳಿ ಹುದುಗಿಸುತ್ತಾರೆ. ಬೆಣ್ಣಿಹಳ್ಳದ ಪೈಪು ತಟ್ಟನೆ ಕಣ್ಣಮುಂದೆ ಬಂತು.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ‘ಫುಟ್‌ವಾಲ್ ಹಚ್ಚೀರಿಲ್ಲೋ? ಬಾಯಿಗೆ ಕಸ ಕುಂತ್ರ ಎಳೀತೈತೇನದು?’ ಎಂದರು. ರಕ್ತನಾಳದಲ್ಲಿ ಕಸವಿಲ್ಲ, ಆದರೆ ನಾಳದ ಗೋಡೆಯೇ ಎಳೆತಕ್ಕೆ ಬಂದು ಕೊಳವೆಯ ಬಾಯಿಗೆ ಅಂಟುತ್ತದೆ. ಹಾಗಾಗಿ ಫುಟ್‌ವಾಲಿನ ಜಾಳಿಗೆಯಂತೆ ಇಲ್ಲೂ ಪಕ್ಕದಲ್ಲಿ ರಂಧ್ರಗಳು.

ಅಪ್ಪನ ಪೈಪಿನ ಪಾಠ ಇಲ್ಲಿಗೆ ಮುಗಿಯುತ್ತದೆ. ನೀರು ಎಷ್ಟು ರಭಸದಿಂದ ಉಜ್ಜಿಕೊಂಡು ಹೋದರೂ ನೀರೇ. ರಕ್ತ ಹಾಗಲ್ಲ. ಚೂಪು ಅಂಚಿಗೆ ಉಜ್ಜಿದರೆ ಕೆಂಪು ಕಣ ಒಡೆಯುತ್ತದೆ, ಮೂಲೆಯಲ್ಲಿ ನಿಂತರೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಮಿದುಳಿಗೆ ಸೇರಿದರೆ ಉಳಿಸಲು ಹಾಕಿದ ಕೊಳವೆಯೇ ರೋಗಿಗೆ ಪಾರ್ಶ್ವವಾಯು ತರಬಹುದು. ಹೆಪಾರಿನ್ ಕೊಟ್ಟು ಹೆಪ್ಪು ತಡೆಯುತ್ತಾರೆ, ಆದರೆ ಹೆಚ್ಚಾದರೆ ರಕ್ತಸ್ರಾವ.

ನಾವು ತ್ರೀಡಿ ಪ್ರಿಂಟರಿನಲ್ಲಿ ದೊಡ್ಡ ಅಳತೆಯ ಪಾರದರ್ಶಕ ತುದಿಗಳನ್ನು ಮಾಡಿ, ರಕ್ತದಷ್ಟು ಮಂದವಾಗಲೆಂದು ನೀರಿಗೆ ಗ್ಲಿಸರಿನ್ ಬೆರೆಸಿ, ಕೆಂಪು ಬಣ್ಣ ಬಿಟ್ಟು ನೋಡಿದೆವು. ಸಮ ಅಳತೆಯ ರಂಧ್ರಗಳಿದ್ದಾಗ ಪಂಪಿಗೆ ಹತ್ತಿರದ ರಂಧ್ರಗಳೇ ಹೆಚ್ಚು ಪಾಲು ಎಳೆದುಕೊಂಡವು. ತುದಿಯಲ್ಲಿ ಬಣ್ಣ ನಿಂತೇ ಇತ್ತು. ಪಂಪಿನ ಕಡೆ ಸಣ್ಣವು, ತುದಿಯ ಕಡೆ ದೊಡ್ಡವು ಎಂದು ಬದಲಿಸಿದೆವು. ಎರಡನೆಯದೂ ಕೆಟ್ಟಿತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ತಂಡದ ಹೃದಯ ಕವಾಟದ ಮೊದಲ ಮೂರು ಮಾದರಿಗಳು ಸೋತು, ನಾಲ್ಕನೆಯದು 1990ರಲ್ಲಿ ರೋಗಿಯ ಎದೆ ಸೇರಿತು ಎಂದು ಓದಿ ಸ್ವಲ್ಪ ಸಮಾಧಾನವಾಯಿತು.

ಮೂರನೆಯದು ಚೆನ್ನಾಗಿ ಬಂತೆಂದು ವಿಡಿಯೊವನ್ನು ದೊಡ್ಡಪ್ಪನಿಗೆ ಕಳಿಸಿದೆ. ಬಟ್ಟೆಯಲ್ಲಿ ತಪ್ಪಿದ ಎಳೆ ಹುಡುಕುವ ಕಣ್ಣು ಅವರದು. ರಾತ್ರಿ ಫೋನ್ ಬಂತು:

‘ಕಡೀ ತೂತಿನ ಹಿಂದ ಒಂದೀಟು ಕೆಂಪು ಹಂಗ ನಿಂತೈತಲ್ಲೋ, ಅದ್ನ ನೋಡು.’