ಹೃದಯ ಚಿಕಿತ್ಸೆಯಲ್ಲಿ ಮಾರ್ದನಿಯ ನೆರವು

ಅಂಚೆಟ್ಟಿಯ ಬೆಟ್ಟಗಳೆದುರು ನಿಂತು ಕೂಗಿದರೆ ಕೂಗು ಮರಳಿ ಬರುವುದನ್ನು ನಮ್ಮ ಬಾಲಕರೆಲ್ಲರೂ ಬಲ್ಲರು. ಅಂಥ ಮಾರ್ದನಿಯೇ ಇಂದು ಹೃದಯವೈದ್ಯರಿಗೆ ಕಣ್ಣಾಗಿದೆ. ಅದು ಹೇಗೆಂಬುದನ್ನು ನೋಡೋಣ.

ದೇಹಕ್ಕೆಲ್ಲ ರಕ್ತವನ್ನೊದಗಿಸುವ ಹೃದಯಕ್ಕೂ ರಕ್ತ ಬೇಕಷ್ಟೆ. ಅದನ್ನು ತರುವವು ಮಹಾಪಧಮನಿಯ ಬುಡದಲ್ಲಿ ಹುಟ್ಟುವ ಎರಡು ಕಿರೀಟಧಮನಿಗಳು. ಕೆಲವು ಶಿಶುಗಳಲ್ಲಿ ಎಡಧಮನಿಯು ಶ್ವಾಸಕೋಶಕ್ಕೆ ಹೋಗುವ ನಾಳದಿಂದ ಹೊರಟಿರುತ್ತದೆ. ಜನನಾನಂತರ ಆ ನಾಳದ ಒತ್ತಡ ಇಳಿದಂತೆ ಹೃದಯಸ್ನಾಯುವು ಸೊರಗುತ್ತದೆ; ಕೂಸು ಹಾಲು ಕುಡಿಯುವಾಗ ಬೆವರಿ ಏದುಸಿರು ಬಿಡುತ್ತದೆ. ಮತ್ತೆ ಕೆಲವರಲ್ಲಿ ಧಮನಿಯು ಮಹಾಪಧಮನಿಯ ಗೋಡೆಯೊಳಗೇ ತುಸು ದೂರ ಸಾಗಿ, ಎರಡು ದೊಡ್ಡ ನಾಳಗಳ ನಡುವೆ ಹಾಯುತ್ತದೆ. ಅಂಥ ಬಾಲಕನು ಆರೋಗ್ಯವಂತನಂತೆಯೇ ಕಾಣುವನು. ಓಡುವಾಗ ಮಾತ್ರ ಎದೆನೋವು ಬಂದೀತು, ಮೂರ್ಛೆ ಬಂದೀತು, ಪ್ರಾಣವೇ ಹೋದೀತು.

ಮೊದಲನೆಯ ದೋಷದಲ್ಲಿ ಧಮನಿಯ ಬುಡವನ್ನು ಬಿಡಿಸಿ ಮಹಾಪಧಮನಿಗೆ ಹೊಲಿಯುತ್ತಾರೆ. ಎರಡನೆಯದರಲ್ಲಿ ಗೋಡೆಯೊಳಗಿನ ಭಾಗವನ್ನು ತೆರೆದು ಅದರ ಬಾಯಿಯನ್ನು ಅಗಲಗೊಳಿಸುವುದುಂಟು. ಆ ವೇಳೆ ರಕ್ತಸಂಚಾರವನ್ನು ಯಂತ್ರವೊಂದು ನಡೆಸುತ್ತದೆ. ಅಮೆರಿಕೆಯ ಡಾ. ಜಾನ್ ಗಿಬ್ಬನ್ ಅವರು 1953ರಲ್ಲಿ ಇಂಥ ಯಂತ್ರದಿಂದ ಮೊದಲ ಯಶಸ್ಸು ಪಡೆದರು. ಅದೇ ವರ್ಷ ಸ್ವೀಡನ್ನಿನಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಎಂಬವರು ಕಿವಿಗೆ ಕೇಳಿಸದ ಸೂಕ್ಷ್ಮಧ್ವನಿಯನ್ನು ಹೃದಯಕ್ಕೆ ಹಾಯಿಸಿ, ಮಾರ್ದನಿಯಿಂದ ಅದರ ಚಲನೆಯನ್ನು ಗುರುತಿಸಿದರು. ಇದೇ ‘ಎಕೋ’ ಪರೀಕ್ಷೆಯ ಮೂಲ.

ಅನ್ನನಾಳವು ಹೃದಯದ ಬೆನ್ನಿಗೇ ಇದೆ. ಆದುದರಿಂದ ರೋಗಿಗೆ ಅರಿವಳಿಕೆ ಕೊಟ್ಟ ಬಳಿಕ, ತುದಿಯಲ್ಲಿ ಧ್ವನಿಸಾಧನವುಳ್ಳ ನಳಿಕೆಯನ್ನು ಬಾಯಿಯ ಮೂಲಕ ಅಲ್ಲಿಗಿಳಿಸುತ್ತಾರೆ. ಶಸ್ತ್ರವೈದ್ಯರ ಕೆಲಸಕ್ಕೆ ಅದು ಅಡ್ಡಬಾರದು. ಧಮನಿ ಎಲ್ಲಿ ಹುಟ್ಟಿದೆ, ಕವಾಟ ಸೋರುತ್ತಿದೆಯೆ ಎಂಬುದನ್ನು ಮೊದಲು ನೋಡುತ್ತಾರೆ. ಹೊಲಿಗೆ ಮುಗಿದು ಹೃದಯ ಮತ್ತೆ ಮಿಡಿಯತೊಡಗಿದಾಗ ನಿಜವಾದ ಪರೀಕ್ಷೆ. ಧಮನಿಯಲ್ಲಿ ರಕ್ತದ ಹರಿವು ಬಣ್ಣಗಳಾಗಿ ತೆರೆಯ ಮೇಲೆ ಮೂಡುತ್ತದೆ. ಹೃದಯದ ಯಾವ ಗೋಡೆ ಚೆನ್ನಾಗಿ ಕುಗ್ಗುತ್ತಿದೆ, ಯಾವುದು ಮಂಕಾಗಿದೆ ಎಂಬುದೂ ತಿಳಿಯುತ್ತದೆ. ಕೊರತೆ ಕಂಡರೆ ಎದೆಯನ್ನು ಮುಚ್ಚುವ ಮೊದಲೇ ಸರಿಪಡಿಸಬಹುದು. ಆದರೆ ಅತಿ ಸಣ್ಣ ಧಮನಿಗಳೆಲ್ಲ ಎಕೋದಲ್ಲಿ ಸ್ಪಷ್ಟವಾಗಿ ಕಾಣವು. ಆ ಕಾರಣ ಮೊದಲೇ ಸಿ.ಟಿ. ಚಿತ್ರ ತೆಗೆಯುವುದುಂಟು.

ಹೊಸೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಬೊಮ್ಮಸಂದ್ರವಿದೆ. ಅಲ್ಲಿ ಡಾ. ದೇವಿ ಶೆಟ್ಟಿಯವರು 2000ರಲ್ಲಿ ಸ್ಥಾಪಿಸಿದ ನಾರಾಯಣ ಹೃದಯಾಲಯದಲ್ಲಿ ಮಕ್ಕಳ ಹೃದಯಕ್ಕೂ ಶಸ್ತ್ರಚಿಕಿತ್ಸೆ ನಡೆಯುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಸರ್ಕಾರಿ ಶಾಲೆಗಳಿಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ.

ಆದರೆ ಎಲ್ಲಕ್ಕೂ ಮೊದಲು ನೋಡಬೇಕಾದ ಕಣ್ಣು ಮನೆಯವರದು. ಆಟದ ನಡುವೆ ಮಗು ಎದೆ ಹಿಡಿದು ಕುಳಿತರೆ, ಮೂರ್ಛೆ ಹೋದರೆ, ದೃಷ್ಟಿ ತಾಕಿತೆಂದು ನಿವಾಳಿಸಿ ಸುಮ್ಮನಾಗಬಾರದು. ಬಿಸಿಲಿನ ಬಳಲಿಕೆಯೆಂದೂ ತಳ್ಳಿಹಾಕಬಾರದು. ಮಕ್ಕಳೇ, ನೀವೂ ಪಂದ್ಯದಿಂದ ಹೊರಗಿಟ್ಟಾರೆಂಬ ಅಂಜಿಕೆಯಿಂದ ನೋವನ್ನು ಮರೆಮಾಡಬೇಡಿರಿ. ಹೇಳಿದ ನೋವಿಗೆ ಮಾತ್ರವೇ ಮದ್ದು ದೊರೆಯುವುದು.