ಫ್ರೀ ಏಜೆಂಟ್ ಫ್ರೀ ಅಲ್ಲ: ಬಿಎಫ್‌ಸಿ ತಂಡ ಕಟ್ಟಿದ ಲೆಕ್ಕ

2025ರ ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ಒಂದು ಪ್ರಕಟಣೆ ಹೊರಡಿಸಿತು. ಮೊದಲ ತಂಡದ ಆಟಗಾರರಿಗೆ, ಸಿಬ್ಬಂದಿಗೆ ಸಂಬಳ ಅನಿರ್ದಿಷ್ಟ ಕಾಲದವರೆಗೆ ನಿಲ್ಲಿಸಲಾಗಿದೆ ಅಂತ. ಆವತ್ತು ರಾತ್ರಿಯ ಬುಲೆಟಿನ್‌ನಲ್ಲಿ ಈ ಸುದ್ದಿಗೆ ನಮಗೆ ಸಿಕ್ಕಿದ್ದು ನಲವತ್ತು ಸೆಕೆಂಡು. ಓದಿದೆ, ಮುಂದಿನ ಸುದ್ದಿಗೆ ಹೋದೆ. ಆಮೇಲೆ ನಮ್ಮೂರು ಮಳವಳ್ಳಿ ಕಡೆಯ ವೀಕ್ಷಕರೊಬ್ಬರು ಫೋನ್ ಮಾಡಿದ್ರು. ಮಗನಿಗೆ ಹದಿನಾಲ್ಕು ವರ್ಷ, ಫುಟ್‌ಬಾಲ್ ಹುಚ್ಚು, ಬೆಂಗಳೂರಿಗೆ ತರಬೇತಿಗೆ ಸೇರಿಸಬೇಕು ಅಂತಿದ್ದಾರೆ. ಅವರು ಕೇಳಿದ್ದು ಇಷ್ಟೇ: "ಸಾರ್, ಹೋದ ವರ್ಷ ತಾನೇ ದೊಡ್ಡ ದೊಡ್ಡ ಆಟಗಾರರನ್ನ ಕರಕೊಂಡು ಬಂದ್ರಲ್ಲ, ಫೈನಲ್‌ಗೂ ಹೋದ್ರಲ್ಲ, ಈಗ ಸಂಬಳಕ್ಕೇ ದುಡ್ಡಿಲ್ವಾ? ಹಂಗಾದ್ರೆ ಅವಾಗ ಖರ್ಚು ಮಾಡಿದ್ದು ಹೆಂಗೆ?"

ನಲವತ್ತು ಸೆಕೆಂಡಿನಲ್ಲಿ ಉತ್ತರ ಕೊಡೋ ಪ್ರಶ್ನೆ ಅಲ್ಲ ಇದು. ನಿಧಾನವಾಗಿ ಬಿಡಿಸೋಣ.

ಕ್ರಿಕೆಟ್ ನೋಡುವ ನಮಗೆಲ್ಲ ತಂಡ ಕಟ್ಟೋದು ಅಂದ್ರೆ ಹರಾಜು. 2024ರ ನವೆಂಬರ್ 24 ಮತ್ತು 25ರಂದು ಸೌದಿಯ ಜೆಡ್ಡಾದಲ್ಲಿ ಆರ್‌ಸಿಬಿ ಕೂತಾಗ ಕೈಯಲ್ಲಿ ಇದ್ದದ್ದು 83 ಕೋಟಿ. ಒಟ್ಟು 120 ಕೋಟಿಯಲ್ಲಿ ಕೊಹ್ಲಿಗೆ 21, ರಜತ್ ಪಾಟಿದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಮೊದಲೇ ಹೋಗಿತ್ತು. ಎರಡು ದಿನದಲ್ಲಿ 19 ಜನರನ್ನು ತಗೊಂಡ್ರು. ಹೇಜಲ್‌ವುಡ್ 12.50, ಸಾಲ್ಟ್ 11.50, ಜಿತೇಶ್ 11, ಭುವನೇಶ್ವರ್ 10.75. ಉಳಿದದ್ದು ಮುಕ್ಕಾಲು ಕೋಟಿ. 2025ರ ಜೂನ್ 3ರಂದು ಕಪ್ ನಮ್ಮದಾಯ್ತು; ಫೈನಲ್‌ನ ಪಂದ್ಯಶ್ರೇಷ್ಠ ಕೃಣಾಲ್ ಪಾಂಡ್ಯನ ಬೆಲೆ 5.75 ಕೋಟಿ. ಪೈಸೆ ಪೈಸೆಗೂ ಲೆಕ್ಕ ಟಿವಿಯಲ್ಲೇ ಇದೆ. ಟೀ ಅಂಗಡಿಯಲ್ಲಿ ಕೂತು ಯಾರಿಗೆ ಜಾಸ್ತಿ ಕೊಟ್ರು, ಯಾರು ಅಗ್ಗಕ್ಕೆ ಸಿಕ್ಕಿದ್ರು ಅಂತ ಜಗಳ ಆಡಬಹುದು.

ಫುಟ್‌ಬಾಲ್‌ನಲ್ಲಿ ಹಾಗಿಲ್ಲ. ಒಂದು ಕಾಲದಲ್ಲಿ ಇಂಡಿಯನ್ ಸೂಪರ್ ಲೀಗ್‌ನಲ್ಲೂ ಹರಾಜು ನಡೆದಿತ್ತು. 2015ರಲ್ಲಿ ಸುನಿಲ್ ಛೆಟ್ರಿಯನ್ನು ಮುಂಬೈ 1.20 ಕೋಟಿಗೆ ಕೂಗಿತು, ಯೂಜೀನ್‌ಸನ್ ಲಿಂಗ್ಡೊನನ್ನು ಪುಣೆ 1.05 ಕೋಟಿಗೆ. ಆಮೇಲೆ ಆ ಪದ್ಧತಿ ನಿಂತಿತು. ಈಗ ಕ್ಲಬ್ ಮತ್ತು ಆಟಗಾರ ನೇರವಾಗಿ ಒಪ್ಪಂದ ಮಾಡ್ಕೊಳ್ತಾರೆ, ಸಂಬಳ ಎಷ್ಟು ಅನ್ನೋದನ್ನ ಕ್ಲಬ್‌ಗಳು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳೋದಿಲ್ಲ.

ಈ ಒಪ್ಪಂದ ಅರ್ಥ ಆಗಬೇಕಾದ್ರೆ ನಮ್ಮ ಗದ್ದೆ ಗುತ್ತಿಗೆ ನೆನೆಸಿಕೊಳ್ಳಿ. ನೀವು ನಿಮ್ಮ ಗದ್ದೆಯನ್ನ ಮೂರು ವರ್ಷಕ್ಕೆ ಒಬ್ಬರಿಗೆ ಗುತ್ತಿಗೆ ಕೊಟ್ಟಿದ್ದೀರಿ. ಎರಡನೇ ವರ್ಷ ಇನ್ನೊಬ್ಬರು ಬಂದು ನನಗೆ ಬೇಕು ಅಂದ್ರೆ, ಅವರು ಮೊದಲು ಈಗ ಉಳುತ್ತಿರುವವರಿಗೆ ಹಣ ಕೊಟ್ಟು ಬಿಡಿಸಿಕೊಳ್ಳಬೇಕು. ಅದು ಟ್ರಾನ್ಸ್‌ಫರ್ ಶುಲ್ಕ. ಮೂರು ವರ್ಷ ಮುಗಿದ ಮೇಲೆ ಬಂದ್ರೆ ಹಳೆಯ ಗುತ್ತಿಗೆದಾರನ ಮಾತೇ ಇಲ್ಲ, ನಿಮ್ಮ ಹತ್ತಿರ ಕೂತು ದರ ಮಾತಾಡಿದರೆ ಸಾಕು. ಆಗ ನಿಮ್ಮ ಗದ್ದೆ 'ಫ್ರೀ'. ಪುಕ್ಕಟೆ ಅಂತಲ್ಲ, ಬಿಡುಗಡೆ ಆಗಿದೆ ಅಂತ. ಆಟಗಾರನ ವಿಷಯದಲ್ಲಿ ಗದ್ದೆಯೂ ಅವನೇ, ಯಜಮಾನನೂ ಅವನೇ.

ಇದು ಈಗ ಸಹಜ ನ್ಯಾಯ ಅನ್ನಿಸುತ್ತೆ. ಮೊದಲು ಹಾಗಿರಲಿಲ್ಲ. ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮನ್ ಅನ್ನುವ ಆಟಗಾರನ ಒಪ್ಪಂದ 1990ರಲ್ಲಿ ಮುಗಿದಿತ್ತು. ಫ್ರಾನ್ಸ್‌ನ ಡಂಕರ್ಕ್ ಕ್ಲಬ್‌ಗೆ ಹೋಗಬೇಕು ಅಂದಾಗ ಹಳೆಯ ಕ್ಲಬ್ ಲಿಯೆಜ್ ಅಡ್ಡ ಬಂತು. ಗುತ್ತಿಗೆ ಮುಗಿದ ಮೇಲೂ ಹಳಬ ಗದ್ದೆಯ ಬದುವಿನ ಮೇಲೆ ಕೂತು ನನಗೆ ದುಡ್ಡು ಕೊಡದೆ ಯಾರೂ ನೇಗಿಲು ಹೂಡಬಾರದು ಅಂದ ಹಾಗೆ. ಬೋಸ್ಮನ್ ಕೋರ್ಟಿಗೆ ಹೋದ. ಐದು ವರ್ಷದ ಮೇಲೆ, 1995ರ ಡಿಸೆಂಬರ್ 15ರಂದು, ಯುರೋಪಿನ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವನ ಆಟದ ವಯಸ್ಸೇ ಮುಗಿದಿತ್ತು, ಲಾಭ ಮಿಕ್ಕವರಿಗಾಯ್ತು. ಈಗಿನ ಫಿಫಾ ನಿಯಮದಲ್ಲಿ ಒಪ್ಪಂದ ಮುಗಿಯಲು ಆರು ತಿಂಗಳು ಇರುವಾಗಲೇ ಆಟಗಾರ ಹೊಸ ಕ್ಲಬ್ ಜೊತೆ ಸಹಿ ಹಾಕಬಹುದು.

ಹಾಗಾದ್ರೆ ಶುಲ್ಕ ಉಳೀತು, ಕ್ಲಬ್‌ಗೆ ಲಾಭ ಅಲ್ವಾ? ಅಲ್ಲಿಗೇ ಮುಗಿಯೋದಿಲ್ಲ. ಶುಲ್ಕ ಇಲ್ಲ ಅಂತ ಗೊತ್ತಿರುವ ಆಟಗಾರ ಮತ್ತು ಅವನ ಏಜೆಂಟ್ ಆ ಉಳಿತಾಯದಲ್ಲಿ ಪಾಲು ಕೇಳ್ತಾರೆ. ಸಹಿಗೆ ಒಂದು ಮೊತ್ತ, ಏಜೆಂಟ್‌ಗೆ ಕಮಿಷನ್, ತಿಂಗಳ ಸಂಬಳ ಜಾಸ್ತಿ, ಒಂದರ ಬದಲು ಎರಡು ವರ್ಷದ ಖಾತ್ರಿ. ಹಳೆಯ ಯಜಮಾನನಿಗೆ ಒಂದೇ ಸಲ ಹೋಗಬೇಕಾದ ದುಡ್ಡು ತಿಂಗಳ ಕಂತಾಗಿ ಆಟಗಾರನಿಗೆ ಹೋಗುತ್ತೆ, ಅಷ್ಟೇ. ಇನ್ನೊಂದು ತೊಂದರೆಯೂ ಇದೆ. ಇಪ್ಪತ್ತೊಂದರ ಹುಡುಗನನ್ನ ಶುಲ್ಕ ಕೊಟ್ಟು ತಂದರೆ ಮೂರು ವರ್ಷದ ಮೇಲೆ ಮಾರಬಹುದು. ಮೂವತ್ತಮೂರರ ಫ್ರೀ ಏಜೆಂಟ್‌ನನ್ನ ಮಾರೋಕೆ ಬರೋದಿಲ್ಲ. ಬಂದ ದಾರಿಯಲ್ಲೇ ಅವನು ಪುಕ್ಕಟೆ ಹೋಗ್ತಾನೆ. ಕಬ್ಬು ಕಡಿಯೋ ತಂಡದ ಮೇಸ್ತ್ರಿಗೆ ಕೊಟ್ಟ ಮುಂಗಡದ ಹಾಗೆ, ಆ ಸೀಸನ್‌ನಲ್ಲಿ ಕೆಲಸ ಆದ್ರೆ ಆಯ್ತು.

ಈಗ ಬಿಎಫ್‌ಸಿಗೆ ಬರೋಣ. ಜೆಎಸ್‌ಡಬ್ಲ್ಯು ಸಂಸ್ಥೆ 2013ರಲ್ಲಿ ಕಟ್ಟಿದ ಕ್ಲಬ್ ಇದು. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಮತ್ತೆ ಗೆದ್ದಿತು. ಅದೇ ವರ್ಷ ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಭಾರತದ ಮೊದಲ ತಂಡವಾಯ್ತು. ಅವರ ಮೊದಲ ನಿಜವಾದ ಪುನರ್ನಿರ್ಮಾಣ ಬಂದದ್ದು 2017ರಲ್ಲಿ, ಐಎಸ್‌ಎಲ್‌ಗೆ ಸೇರಿದಾಗ. ಅದು ಅವರು ಬಯಸಿ ಮಾಡಿದ್ದಲ್ಲ, ನಿಯಮ ಮಾಡಿಸಿದ್ದು. ಹಿರಿಯ ಭಾರತೀಯ ಆಟಗಾರರಲ್ಲಿ ಬೆರಳೆಣಿಕೆಯವರನ್ನು ಮಾತ್ರ ಉಳಿಸಿಕೊಳ್ಳಬಹುದಿತ್ತು. ಛೆಟ್ರಿಯನ್ನ, ಉದಾಂತ ಸಿಂಗ್‌ನನ್ನ ಇಟ್ಕೊಂಡ್ರು. ಆ ವರ್ಷದ ಮೇ ತಿಂಗಳಲ್ಲಿ ಫೆಡರೇಷನ್ ಕಪ್ ಫೈನಲ್‌ನ ಎರಡೂ ಗೋಲು ಹೊಡೆದಿದ್ದ ಸಿ.ಕೆ. ವಿನೀತ್ ಕೇರಳದ ಪಾಲಾದ. ಲಿಂಗ್ಡೊ 1.10 ಕೋಟಿಗೆ ಕೋಲ್ಕತ್ತದ ಪಾಲಾದ.

ಕೈಲಿದ್ದವರು ಚೆಲ್ಲಾಪಿಲ್ಲಿ ಆದಾಗ ಕ್ಲಬ್ ಏನು ಮಾಡಿತು ನೋಡಿ. ಗೋಲಿಗೆ ನಾರ್ವೆಯ ಸ್ಟಾಬೆಕ್‌ನಿಂದ ಗುರ್‌ಪ್ರೀತ್ ಸಿಂಗ್ ಸಂಧುವನ್ನು ತಂದರು. ನಡುವಿಗೆ ಆಸ್ಟ್ರೇಲಿಯಾದ ಎರಿಕ್ ಪಾರ್ಟಲು, ಸ್ಪೇನಿನ ಡಿಮಾಸ್ ಡೆಲ್ಗಾಡೊ. ಮುಂದಕ್ಕೆ ವೆನೆಜುವೆಲಾದ ಮಿಕು. ರಕ್ಷಣೆಯಲ್ಲಿ ಹುವಾನನ್ ಮೊದಲೇ ಇದ್ದ. ಅಂದ್ರೆ ಗೋಲು, ರಕ್ಷಣೆ, ನಡು, ಮುಂಭಾಗ, ನೆಟ್ಟಗೆ ಒಂದು ಬೆನ್ನುಮೂಳೆ. ನಾನು ಎಂಜಿನಿಯರಿಂಗ್ ಓದಿದವನು, ನನಗೆ ಇದು ಕಟ್ಟಡದ ಕಂಬಗಳ ಹಾಗೆ ಕಾಣುತ್ತೆ: ಮೊದಲು ಭಾರ ಹೊರುವ ಜಾಗ ಗಟ್ಟಿ ಮಾಡು, ಗೋಡೆ ಆಮೇಲೆ. ಮೊದಲ ಲೀಗ್‌ನಲ್ಲೇ 18 ಪಂದ್ಯಕ್ಕೆ 40 ಅಂಕ, ಮೊದಲ ಸ್ಥಾನ. ಮಿಕು 15 ಗೋಲು, ಛೆಟ್ರಿ 14. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ಚೆನ್ನೈಯಿನ್ ಎದುರು ಫೈನಲ್ ಸೋತರು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ಹೊಡೆದ ಒಂದೇ ಗೋಲಿನಿಂದ ಕಪ್ ಬಂತು.

ಎರಡನೇ ಸಲ ಖರ್ಚು ಮಾಡಿದ್ದು 2022ರಲ್ಲಿ. ರಾಯ್ ಕೃಷ್ಣ, ಸಂದೇಶ್ ಝಿಂಗನ್, ಹಾವಿ ಹೆರ್ನಾಂಡೆಜ್, ಪ್ರಬೀರ್ ದಾಸ್. ಹೆಸರು ಕೇಳಿದ್ರೆ ಪೋಸ್ಟರ್ ಹಾಕಬೇಕು ಅನ್ನಿಸುತ್ತೆ. ಡುರಾಂಡ್ ಕಪ್ ಗೆದ್ದರು, ಲೀಗ್‌ನ ಕೊನೆಯಲ್ಲಿ ಸತತ ಎಂಟು ಪಂದ್ಯ ಗೆದ್ದರು, ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತರು. ಆದ್ರೆ ಮುಂದಿನ ಬೇಸಿಗೆಗೆ ರಾಯ್ ಕೃಷ್ಣ ಒಡಿಶಾಗೆ, ಝಿಂಗನ್ ಗೋವಾಕ್ಕೆ. ಒಂದೇ ವರ್ಷ! ಅವರ ಜಾಗಕ್ಕೆ ಬಂದವರು ಹೊಂದಿಕೊಳ್ಳಲಿಲ್ಲ. 2023-24ರಲ್ಲಿ ಹನ್ನೆರಡು ತಂಡದಲ್ಲಿ ಹತ್ತನೇ ಸ್ಥಾನ, 22 ಪಂದ್ಯಕ್ಕೆ 22 ಅಂಕ. ಡಿಸೆಂಬರ್‌ನಲ್ಲೇ ಕೋಚ್ ಸೈಮನ್ ಗ್ರೇಸನ್ ಹೋದರು, ಸ್ಪೇನಿನ ಜೆರಾರ್ಡ್ ಸರಗೋಸಾ ಬಂದರು.

ಇದು ನಮ್ಮ ಕಡೆ ಕಬಡ್ಡಿ ಟೂರ್ನಿ ನೋಡಿದವರಿಗೆ ಗೊತ್ತಿರೋ ಕಥೆ. ಕಪ್‌ಗೋಸ್ಕರ ಹೊರಗಿನಿಂದ ಇಬ್ಬರು ರೈಡರ್ ಕರೆಸ್ತಾರೆ, ಆ ರಾತ್ರಿ ಗೆಲ್ತಾರೆ. ಮುಂದಿನ ಊರಿನ ಟೂರ್ನಿಗೆ ಅದೇ ಇಬ್ಬರು ಎದುರು ತಂಡದ ಬನಿಯನ್ ಹಾಕ್ಕೊಂಡು ನಿಂತಿರ್ತಾರೆ.

2024ರ ಬೇಸಿಗೆಯಲ್ಲಿ ಮಾಡಿದ್ದು ಬೇರೆ ಥರ, ಮತ್ತು ನನ್ನ ಪ್ರಕಾರ ಜಾಣತನದ್ದು. ಆ ವರ್ಷ ಐಎಸ್‌ಎಲ್ ಕಪ್ ಗೆದ್ದಿದ್ದು ಮುಂಬೈ ಸಿಟಿ. ಅಲ್ಲಿಂದ ಮೂವರನ್ನ ಒಟ್ಟಿಗೇ ತಂದರು: ಆಲ್ಬರ್ಟೊ ನೊಗೇರಾ, ಹೋರ್ಹೆ ಪೆರೇರಾ ಡಿಯಾಜ್, ಮತ್ತು ಆ ತಂಡದ ನಾಯಕನಾಗಿದ್ದ ಅದೇ ನಮ್ಮ ರಾಹುಲ್ ಭೆಕೆ. 2021ರಲ್ಲಿ ಬೆಂಗಳೂರು ಬಿಟ್ಟು ಹೋಗಿದ್ದವನು ಮೂರು ವರ್ಷಕ್ಕೆ ವಾಪಸ್ ಬಂದ. ಜೊತೆಗೆ ಸ್ಪೇನಿನ ಎಡ್ಗರ್ ಮೆಂಡೆಜ್, ಪೆದ್ರೊ ಕಾಪೊ. ಐವರೂ ಮೂವತ್ತು ದಾಟಿದವರು. ಅಪರಿಚಿತರನ್ನು ಒಂದು ಕಡೆ ಸೇರಿಸಿ ಹೊಂದಿಕೊಳ್ಳಿ ಅಂತ ಕಾಯೋದಕ್ಕಿಂತ, ಈಗಾಗಲೇ ಒಟ್ಟಿಗೆ ಆಡಿ ಗೆದ್ದವರನ್ನ ಜೋಡಿಯಾಗಿ ತರೋದು ಬೇಗ ಕೆಲಸ ಮಾಡುತ್ತೆ. ಮನೆಯವರು ಮನೆಯಲ್ಲೇ ಇದ್ದರು: ಗುರ್‌ಪ್ರೀತ್, ಸುರೇಶ್ ವಾಂಗ್ಜಮ್, ರೋಷನ್ ಸಿಂಗ್, ನಲವತ್ತಕ್ಕೆ ಕಾಲಿಟ್ಟ ಛೆಟ್ರಿ. ಜೊತೆಗೆ ಕ್ಲಬ್‌ನ ಅಕಾಡೆಮಿಯಿಂದಲೇ ಬಂದ ಬೆಂಗಳೂರಿನ ಹುಡುಗ ವಿನಿತ್ ವೆಂಕಟೇಶ್. ಸೀಸನ್‌ನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಏಕೈಕ ಗೋಲು ಅವನದೇ. ಅವನಿಗೆ ಯಾರೂ ಶುಲ್ಕ ಕಟ್ಟಿರಲಿಲ್ಲ.

ಹತ್ತನೇ ಸ್ಥಾನದ ತಂಡ ಮೂರನೇ ಸ್ಥಾನಕ್ಕೆ ಬಂತು. ಛೆಟ್ರಿ 14 ಗೋಲು ಹೊಡೆದ. ಪ್ಲೇಆಫ್‌ನಲ್ಲಿ ಅದೇ ಮುಂಬೈಗೆ 5-0. ಸೆಮಿಫೈನಲ್‌ನಲ್ಲಿ ಗೋವಾ ವಿರುದ್ಧ ಕೊನೆ ಗಳಿಗೆಯಲ್ಲಿ ಛೆಟ್ರಿಯ ಹೆಡರ್. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು ಮೊದಲು ಮುಂದಿದ್ದು, ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತರು. ಆಟದ ಲೆಕ್ಕದಲ್ಲಿ ಹಣ ದಂಡ ಆಗಲಿಲ್ಲ.

ಮತ್ತೆ ಸಂಬಳ ಯಾಕೆ ನಿಂತಿತು? ಉತ್ತರ ತಂಡದಲ್ಲಿ ಇಲ್ಲ, ಲೀಗ್‌ನಲ್ಲಿದೆ. ಭಾರತದ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ ಬಿಟ್ಟುಕೊಟ್ಟಿತ್ತು. ಆ ಹಕ್ಕಿನ ಮೇಲೆ ಲೀಗ್ ನಡೆಸುತ್ತಾ ಬಂದದ್ದು ರಿಲಯನ್ಸ್ ಬಳಗದ ಎಫ್‌ಎಸ್‌ಡಿಎಲ್, ಫೆಡರೇಷನ್‌ಗೆ ವರ್ಷಕ್ಕೆ 50 ಕೋಟಿ ಕೊಡುವ ಏರ್ಪಾಡು. ಆ ಒಪ್ಪಂದ ಮುಗಿಯಬೇಕಿದ್ದದ್ದು 2025ರ ಡಿಸೆಂಬರ್ 8ಕ್ಕೆ. ಹೊಸ ಸೀಸನ್ ಶುರುವಾಗಿ ಅರ್ಧಕ್ಕೆ ಬರುವಾಗ ಲೀಗ್‌ನ ಗುತ್ತಿಗೆಯೇ ಮುಗಿದಿರುತ್ತಿತ್ತು! ಫೆಡರೇಷನ್‌ನ ಸಂವಿಧಾನದ ವಿಚಾರ ಆಗ ಸುಪ್ರೀಂ ಕೋರ್ಟ್‌ನಲ್ಲಿತ್ತು, ಅದು ಇತ್ಯರ್ಥ ಆಗದೆ ಹೊಸ ಒಪ್ಪಂದ ಮಾಡುವ ಹಾಗಿರಲಿಲ್ಲ. ಜುಲೈ 11ರಂದು ಎಫ್‌ಎಸ್‌ಡಿಎಲ್ ಈ ಸೀಸನ್ ತಡೆಹಿಡಿದಿದ್ದೇವೆ ಅಂತ ಪತ್ರ ಬರೆಯಿತು. ಲೀಗ್ ಇಲ್ಲದಿದ್ರೆ ಟಿಕೆಟ್ ಇಲ್ಲ, ಪ್ರಸಾರ ಇಲ್ಲ, ಬನಿಯನ್ ಮೇಲೆ ಹೆಸರು ಹಾಕಿಸೋ ಪ್ರಾಯೋಜಕನೂ ಇಲ್ಲ. ಆಟಗಾರರ ಒಪ್ಪಂದ ಮಾತ್ರ ತಿಂಗಳು ತಿಂಗಳು ಓಡ್ತಾನೇ ಇರುತ್ತೆ.

ಅಮೆರಿಕದ ಎನ್‌ಎಫ್‌ಎಲ್ ನೋಡಿ. ಅವರ ಫುಟ್‌ಬಾಲ್ ಬೇರೆ, ಆದ್ರೆ ಫ್ರೀ ಏಜೆಂಟ್ ಮಾರುಕಟ್ಟೆಯ ದೊಡ್ಡಣ್ಣ ಅದೇ. 2025ಕ್ಕೆ ಒಂದೊಂದು ತಂಡದ ಸಂಬಳದ ಮಿತಿ 27.92 ಕೋಟಿ ಡಾಲರ್. ಆ ಮಿತಿಯನ್ನ ಲೆಕ್ಕ ಹಾಕೋದೇ ಲೀಗ್‌ನ ಆದಾಯದ ಮೇಲೆ. ಆದಾಯ ಮೊದಲು, ಖರ್ಚು ಆಮೇಲೆ. ನಮ್ಮಲ್ಲಿ ಆಗ ಸಂಬಳಕ್ಕೆ ಮಿತಿ ಇತ್ತು, ಮಾಲೀಕರ ಜೇಬು ಇತ್ತು, ಆದಾಯದ ತಳಪಾಯ ಇರಲಿಲ್ಲ.

ಈಗ ಆಟಗಾರನ ಜಾಗದಲ್ಲಿ ನಿಂತು ನೋಡಿ. ಫಿಫಾ ನಿಯಮದಲ್ಲಿ ಒಂದು ದಾರಿ ಇದೆ: ಕ್ಲಬ್ ನ್ಯಾಯವಲ್ಲದ ರೀತಿಯಲ್ಲಿ ಎರಡು ತಿಂಗಳ ಸಂಬಳ ಬಾಕಿ ಇಟ್ಟರೆ, ಆಟಗಾರ 15 ದಿನದ ಲಿಖಿತ ನೋಟಿಸ್ ಕೊಟ್ಟು, ಆಗಲೂ ಕೊಡದಿದ್ರೆ ಒಪ್ಪಂದ ಮುರಿಯಬಹುದು. ಅವನು ಫ್ರೀ ಏಜೆಂಟ್ ಆಗ್ತಾನೆ. ವಿದೇಶಿ ಆಟಗಾರನಿಗೆ ಇದು ಉಪಯೋಗಕ್ಕೆ ಬರುತ್ತೆ, ಇನ್ನೊಂದು ದೇಶಕ್ಕೆ ವಿಮಾನ ಹತ್ತುತ್ತಾನೆ. ಆಗ ಭಾರತದ ಆಟಗಾರ ಬಿಡುಗಡೆ ಆಗಿ ಎಲ್ಲಿಗೆ ಹೋಗಬೇಕಿತ್ತು? ಬೇರೆ ಕ್ಲಬ್‌ಗಳೂ ನಿಂತಿದ್ದದ್ದು ಅದೇ ನಿಂತ ಲೀಗ್‌ನಲ್ಲಿ. ಬಿಡುಗಡೆ ಪತ್ರ ಕೈಯಲ್ಲಿದ್ದು ಕರೆಯೋರಿಲ್ಲ ಅಂದ್ರೆ ಅದನ್ನ ನಮ್ಮ ಕಡೆ ನಿರುದ್ಯೋಗ ಅಂತಾರೆ.

ಮಳವಳ್ಳಿಯ ಆ ತಂದೆಗೆ ನಾನು ಹೇಳಿದ್ದು ಮೂರು ಮಾತು. ಬಿಎಫ್‌ಸಿ ಪ್ರಕಟಣೆಯಲ್ಲೇ ಇದೆ, ಯುವ ತಂಡಗಳು ಮತ್ತು ಸಾಕರ್ ಶಾಲೆಗಳು ಎಂದಿನಂತೆ ನಡೆಯುತ್ತವೆ ಅಂತ. ಹಾಗಾಗಿ ಕಲಿಕೆಗೆ ತಕ್ಷಣ ತೊಂದರೆ ಇಲ್ಲ. ಎರಡು, ಎಲ್ಲೇ ಸೇರಿಸಿದ್ರೂ ವರ್ಷದ ಶುಲ್ಕ ಒಟ್ಟಿಗೆ ಕಟ್ಟುವ ಮುಂಚೆ, ಮಧ್ಯದಲ್ಲಿ ನಿಂತರೆ ವಾಪಸ್ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ. ಮೂರು, ನಾಳೆ ಹುಡುಗ ಚೆನ್ನಾಗಿ ಆಡಿ ಯಾವುದಾದರೂ ಕ್ಲಬ್ ವೃತ್ತಿಪರ ಒಪ್ಪಂದದ ಕಾಗದ ತಂದ್ರೆ ಅವಧಿ ನೋಡಿ. 18 ತುಂಬದವರಿಗೆ ಫಿಫಾ ನಿಯಮ ಒಪ್ಪೋದು ಗರಿಷ್ಠ ಮೂರು ವರ್ಷ. ಅದಕ್ಕಿಂತ ಉದ್ದ ಬರೆದಿದ್ರೆ ಸಹಿ ಹಾಕೋ ಮುಂಚೆ ವಕೀಲರಿಗೆ ತೋರಿಸಿ. ಅವರು ಬರೆದುಕೊಂಡ್ರು, ಆಮೇಲೆ ಕೇಳಿದ್ರು: "ಮತ್ತೆ ಐಎಸ್‌ಎಲ್ ಯಾವಾಗ ಶುರುವಾಗುತ್ತೆ ಸಾರ್?" ಆ ದಿನಾಂಕ 2025ರ ಆ ಆಗಸ್ಟ್‌ನಲ್ಲಿ ಆಟಗಾರರ ಕೈಯಲ್ಲೂ ಇರಲಿಲ್ಲ.